ಲ್ಯಾಮಿನೇಟ್ ನೆಲದ ದೂರು ಬಗೆಹರಿದ ಬಗೆ

ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯಲ್ಲಿ ಹಾಕಿಸಿದ ಲ್ಯಾಮಿನೇಟ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಗಳು ಕೂಡುವ ಕಡೆ ಏರುಪೇರಾದಾಗ, ಅಂಗಡಿಯವರು ಮಳೆಗಾಲದ ತೇವವೇ ಕಾರಣವೆಂದು ಹೇಳಿ ಕೈತೊಳೆದುಕೊಂಡರು. ಇಲ್ಲಿಯ ಮಳೆ ಬಲ್ಲವರು ಆ ಮಾತನ್ನು ಸುಲಭವಾಗಿ ನಂಬಿಬಿಡುತ್ತಾರೆ. ಆದರೆ ತೇವ ಹೊಕ್ಕರೆ ಒಳಗಿನ ಮರದ ನಾರು ಉಬ್ಬಿ ಅಂಚು ದಪ್ಪವಾಗುತ್ತದೆ. ಹಲಗೆ ಹಿಗ್ಗಲು ಗೋಡೆಯ ಬದಿಗೆ ಸುಮಾರು 8–10 ಮಿಲಿಮೀಟರ್ ಜಾಗ ಬಿಡದಿದ್ದರೆ ನೆಲದ ನಡುಭಾಗ ಮೇಲೇಳುತ್ತದೆ. ನಮ್ಮಲ್ಲಿ ಈ ಎರಡು ಲಕ್ಷಣಗಳೂ ಇರಲಿಲ್ಲ. ಉಳಿದಿದ್ದ ಪೆಟ್ಟಿಗೆಯನ್ನು ಹಲಗೆ ಕೂಡಿಸಿದ ಬಡಿಗರ ಎದುರಿಗೇ ಬಿಚ್ಚಿ, ಹೊಸ ಹಲಗೆಗಳನ್ನು ಜೋಡಿಸಿ ನೋಡಿದಾಗಲೂ ಅದೇ ಏರುಪೇರು ಕಂಡಿತು; ಅಂದರೆ ದೋಷ ಹಲಗೆಗಳಲ್ಲೇ ಇತ್ತು. ಅದರ ಫೋಟೊ, ಬ್ಯಾಚ್ ಸಂಖ್ಯೆ ಹಾಗೂ ಬಿಲ್ಲಿನ ಪ್ರತಿಯನ್ನು ಲಗತ್ತಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುವುದಾಗಿ ಅಂಗಡಿಯವರಿಗೆ ಲಿಖಿತವಾಗಿ ತಿಳಿಸಿ, ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟೆ. ಅಂಗಡಿಯವರು ಹಲಗೆಗಳನ್ನು ಬದಲಿಸಿಕೊಟ್ಟರು. ಕೂಲಿಯಲ್ಲಿ ಮಾತ್ರ ಅರ್ಧವನ್ನಷ್ಟೇ ಭರಿಸಿದರು.