ಅಂಗವಿಕಲ ವಿದ್ಯಾರ್ಥಿಗಳಿಗೆ ವೃತ್ತಿಗಳ ಪರಿಚಯ: ಪ್ರೌಢಶಾಲಾ ಶಿಕ್ಷಕರಿಗೆ ಕೈಪಿಡಿ

ವೃತ್ತಿಗಳ ಪರಿಚಯವನ್ನು ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವವರೆಗೆ ಮುಂದೂಡದೆ ಎಂಟನೆಯ ತರಗತಿಯಲ್ಲಿಯೇ ಆರಂಭಿಸಬೇಕು. ವಿದ್ಯಾರ್ಥಿಯು ಯಾವ ಕೆಲಸದಲ್ಲಿ ತೊಡಗಿದಾಗ ಹೊತ್ತು ಹೋದುದೇ ತಿಳಿಯುವುದಿಲ್ಲವೋ ಅದನ್ನು ಮೊದಲು ಗಮನಿಸಿ ಬರೆದಿಟ್ಟುಕೊಳ್ಳಿ.

ಬಳಿಕ ಅಂಚೆ ಕಚೇರಿ, ಬ್ಯಾಂಕು, ಮುದ್ರಣಾಲಯಗಳಂತಹ ಸಮೀಪದ ಸ್ಥಳಗಳಿಗೆ ಕರೆದೊಯ್ಯಿರಿ. ದೃಷ್ಟಿದೋಷವುಳ್ಳವರು ಸಲಕರಣೆಗಳನ್ನು ಮುಟ್ಟಿ ತಿಳಿಯಲು ಮುಂಚಿತವಾಗಿ ಅನುಮತಿ ಪಡೆಯಿರಿ, ಶ್ರವಣದೋಷವುಳ್ಳವರಿಗೆ ಸಂಜ್ಞಾಭಾಷೆ ಬಲ್ಲವರೊಬ್ಬರನ್ನು ಜೊತೆಗಿರಿಸಿ, ಬೌದ್ಧಿಕ ಅಂಗವಿಕಲತೆಯುಳ್ಳವರಿಗೆ ಒಂದೇ ಕೆಲಸವನ್ನು ಸಣ್ಣ ಹಂತಗಳಾಗಿ ಬಿಡಿಸಿ, ಚಿತ್ರಗಳ ಮೂಲಕ ತೋರಿಸಿ, ಅದೇ ಸ್ಥಳಕ್ಕೆ ಮತ್ತೆ ಮತ್ತೆ ಕರೆದೊಯ್ಯಿರಿ. ಅಂಧರಿಗೆ ದೂರವಾಣಿಯ ಕೆಲಸ, ಕಿವುಡರಿಗೆ ಹೊಲಿಗೆ ಎಂಬ ಹಳೆಯ ವಿಂಗಡಣೆಯನ್ನು ದಯವಿಟ್ಟು ಕೈಬಿಡಿ. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಎನ್‌ವಿಡಿಎಯಂತಹ ಉಚಿತ ತಂತ್ರಾಂಶಗಳ ನೆರವಿನಿಂದ ದೃಷ್ಟಿಹೀನರು ಇಂದು ಬ್ಯಾಂಕುಗಳಲ್ಲಿಯೂ ಸಾಫ್ಟ್‌ವೇರ್ ಕಂಪನಿಗಳಲ್ಲಿಯೂ ದುಡಿಯುತ್ತಿದ್ದಾರೆ. ಅಂತಹ ಉದ್ಯೋಗಸ್ಥರೊಬ್ಬರನ್ನು ತರಗತಿಗೆ ಆಹ್ವಾನಿಸಿ, ಸಂಬಳ, ಬಸ್ ಪ್ರಯಾಣ, ಸಹೋದ್ಯೋಗಿಗಳ ವರ್ತನೆ ಇವುಗಳ ಕುರಿತು ಮಕ್ಕಳೇ ಪ್ರಶ್ನಿಸಲಿ. ಭಾಷಣಕ್ಕಿಂತ ಈ ಸಂಭಾಷಣೆಯೇ ಹೆಚ್ಚು ಕಲಿಸುತ್ತದೆ.

ಪೋಷಕರ ಹಿಂಜರಿಕೆಗೆ ಹೆಚ್ಚಾಗಿ ಮಾಹಿತಿಯ ಕೊರತೆಯೇ ಕಾರಣ. ಆದ್ದರಿಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಂತೆ, ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವಿಕಲತೆಯುಳ್ಳವರಿಗೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4ರಷ್ಟೂ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟೂ ಮೀಸಲಾತಿ ಇರುವುದನ್ನು ಅವರಿಗೆ ತಿಳಿಸಿ, ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಸಲ್ಲಿಸಲು ನೆರವಾಗಿ.