ಝೋನ್ ಬದಲಾದ ಮೇಲೆ ಹಿತ್ತಲಿನ ಗಿಡಗಳನ್ನು ಆರಿಸುವ ಕ್ರಮ

ಅಮೆರಿಕದ ಕೃಷಿ ಇಲಾಖೆಯು, ಚಳಿಗಾಲದ ಚಳಿಯ ತೀವ್ರತೆಗೆ ಅನುಗುಣವಾಗಿ ದೇಶವನ್ನು ವಲಯಗಳಾಗಿ ವಿಂಗಡಿಸುವ ತನ್ನ ಹಾರ್ಡಿನೆಸ್ ಝೋನ್ ನಕ್ಷೆಯನ್ನು 2023ರ ನವೆಂಬರ್‌ನಲ್ಲಿ ಪರಿಷ್ಕರಿಸಿ ಹೊರತಂದಾಗ, ದೇಶದ ಸುಮಾರು ಅರ್ಧದಷ್ಟು ಪ್ರದೇಶವು 2012ರ ನಕ್ಷೆಯಲ್ಲಿದ್ದುದಕ್ಕಿಂತ ಅರ್ಧ ಝೋನ್‌ನಷ್ಟು ಬೆಚ್ಚಗಿನ ಕಡೆಗೆ ಸರಿದಿತ್ತು. ನ್ಯೂಜೆರ್ಸಿಯಿಂದ ಟೆಕ್ಸಸ್‌ವರೆಗೆ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಅಂದಿನಿಂದ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಕೇಳಿಬರುತ್ತಿವೆ. ವರ್ಷಗಳಿಂದ ಕುಂಡದಲ್ಲೇ ಇರುವ ಕರಿಬೇವನ್ನು ಇನ್ನು ನೆಲಕ್ಕಿಳಿಸಬಹುದೇ? ದುಂಡುಮಲ್ಲಿಗೆಯನ್ನು ಚಳಿಗಾಲದಲ್ಲೂ ಹೊರಗೇ ಬಿಡಬಹುದೇ? ಹೊಸ ನಕ್ಷೆಯಿಂದ ದಕ್ಕಿದ ಅರ್ಧ ಝೋನನ್ನು ನಂಬಿ ಹೊಸ ಗಿಡ ತರುವುದಕ್ಕಿಂತ, ಈಗಾಗಲೇ ಚಳಿ ತಾಳುವ ಶಕ್ತಿಯ ಅಂಚಿನಲ್ಲಿ ಬದುಕುತ್ತಿರುವ ಗಿಡಗಳಿಗೆ ಅದು ಸ್ವಲ್ಪ ಹೆಚ್ಚಿನ ಭದ್ರತೆ ಎಂದು ತಿಳಿಯುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ನಕ್ಷೆಯನ್ನು ಓದುವ ಬಗೆ ತಿಳಿದಿರಬೇಕು. ಒಂದು ಜಾಗದಲ್ಲಿ ವರ್ಷದ ಅತಿ ಚಳಿಯ ರಾತ್ರಿ ತಾಪಮಾನ ಎಷ್ಟಕ್ಕೆ ಇಳಿಯಿತು ಎಂಬುದನ್ನು ಪ್ರತಿ ವರ್ಷವೂ ಗುರುತಿಸಿ, ಮೂವತ್ತು ವರ್ಷಗಳ ಆ ಅಂಕಿಗಳ ಸರಾಸರಿಯನ್ನು ತೆಗೆದು ಝೋನ್ ನಿಗದಿಪಡಿಸಲಾಗುತ್ತದೆ. ಒಟ್ಟು 13 ಝೋನ್‌ಗಳಿದ್ದು, ಪ್ರತಿಯೊಂದೂ 10 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಅಗಲವಾಗಿದೆ ಮತ್ತು ತಲಾ 5 ಡಿಗ್ರಿಯ ಎ, ಬಿ ಎಂಬ ಎರಡು ಭಾಗಗಳನ್ನು ಹೊಂದಿದೆ. 7ಎ ಎಂದರೆ ಸೊನ್ನೆಯಿಂದ 5 ಡಿಗ್ರಿ, 9ಬಿ ಎಂದರೆ 25ರಿಂದ 30 ಡಿಗ್ರಿ (ಮುಂದೆಯೂ ಬರಿದೇ ಡಿಗ್ರಿ ಎಂದಿರುವಲ್ಲಿ ಫ್ಯಾರನ್‌ಹೀಟ್ ಎಂದೇ ತಿಳಿಯಿರಿ). ಈ ಸಲದ ನಕ್ಷೆಗೆ 1991ರಿಂದ 2020ರವರೆಗಿನ ಮಾಹಿತಿಯನ್ನು ಬಳಸಲಾಗಿದ್ದು, ಹವಾಮಾನ ಕೇಂದ್ರಗಳ ಸಂಖ್ಯೆ 7,983ರಿಂದ 13,412ಕ್ಕೆ ಏರಿದೆ. ಹೀಗಾಗಿ ನಿಮ್ಮ ಊರಿನ ಝೋನ್ ಬದಲಾಗಿದ್ದರೆ ಅದಕ್ಕೆ ಚಳಿ ಕಡಿಮೆಯಾದದ್ದೊಂದೇ ಕಾರಣವಾಗಿರಬೇಕಿಲ್ಲ, ಅಳತೆ ಹೆಚ್ಚು ನಿಖರವಾದದ್ದೂ ಇರಬಹುದು. ಝೋನ್ ಬದಲಾವಣೆಯೊಂದನ್ನೇ ಹವಾಮಾನ ಬದಲಾವಣೆಯ ಪುರಾವೆಯೆಂದು ಭಾವಿಸಬಾರದೆಂದು ಇಲಾಖೆಯೇ ಹೇಳಿದೆ. ಹಾಗೆಂದು ಚಳಿಗಾಲ ಬೆಚ್ಚಗಾಗುತ್ತಿಲ್ಲವೆಂದಲ್ಲ. ಅಲಾಸ್ಕಾ ಮತ್ತು ಹವಾಯಿಗಳನ್ನು ಬಿಟ್ಟು ಉಳಿದ ದೇಶದಲ್ಲಿ ಹೊಸ ನಕ್ಷೆ ಹಳೆಯದಕ್ಕಿಂತ ಸರಾಸರಿ ಎರಡೂವರೆ ಡಿಗ್ರಿ ಫ್ಯಾರನ್‌ಹೀಟ್ ಬೆಚ್ಚಗಿದೆ.

ಎಲ್ಲಕ್ಕಿಂತ ಮುಖ್ಯವಾಗಿ, ಇದು ಸರಾಸರಿ. ಸರಾಸರಿ 5 ಡಿಗ್ರಿ ಎಂದಿರುವ ಜಾಗದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವರ್ಷಗಳಲ್ಲಿ ತಾಪಮಾನ ಅದಕ್ಕಿಂತಲೂ ಕೆಳಗೆ ಇಳಿದಿರುತ್ತದೆ. 2021ರ ಫೆಬ್ರವರಿಯಲ್ಲಿ ಟೆಕ್ಸಸ್ ಕಂಡ ಚಳಿಯೇ ಇದಕ್ಕೆ ಸಾಕ್ಷಿ. ಡಲ್ಲಾಸ್ ಸುತ್ತಮುತ್ತಲ ಪ್ರದೇಶ ಎಂಟನೆಯ ಝೋನ್‌ಗೆ ಸೇರಿದೆ, ಅಂದರೆ ಅಲ್ಲಿ ಸರಾಸರಿ ಅತಿ ಚಳಿಯ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಆದರೆ ಆ ತಿಂಗಳ 16ರಂದು ಡಲ್ಲಾಸ್–ಫೋರ್ಟ್ ವರ್ತ್ ವಿಮಾನ ನಿಲ್ದಾಣದಲ್ಲಿ ತಾಪಮಾನ ಸೊನ್ನೆಗಿಂತ 2 ಡಿಗ್ರಿ ಕೆಳಗೆ ದಾಖಲಾಯಿತು. ಅದು 6ಬಿ ಝೋನ್‌ನ ಚಳಿ. ನಕ್ಷೆಯ ಮಾಹಿತಿ 2020ಕ್ಕೇ ನಿಲ್ಲುವುದರಿಂದ ಆ ವಾರದ ಲೆಕ್ಕ ಹೊಸ ನಕ್ಷೆಯೊಳಗೆ ಸೇರಿಯೇ ಇಲ್ಲ. ಚಳಿ ಎಷ್ಟು ಹೊತ್ತು ಇರುತ್ತದೆ, ಯಾವ ತಿಂಗಳಲ್ಲಿ ಬರುತ್ತದೆ ಎಂಬುದನ್ನೂ ನಕ್ಷೆ ಹೇಳುವುದಿಲ್ಲ. ಜನವರಿಯಲ್ಲಿ ನಿದ್ರಿಸುತ್ತಿರುವ ಗಿಡ ತಡೆದುಕೊಳ್ಳುವ ಚಳಿಯನ್ನು, ಮಾರ್ಚ್‌ನಲ್ಲಿ ಚಿಗುರಿರುವ ಅದೇ ಗಿಡ ತಡೆದುಕೊಳ್ಳಲಾರದು.

ನಮ್ಮವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕಾದದ್ದಕ್ಕೆ ಕಾರಣವಿದೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 1884ರ ಜನವರಿಯ 7.8 ಡಿಗ್ರಿ ಸೆಲ್ಸಿಯಸ್, ಎಂದರೆ ಸುಮಾರು 46 ಫ್ಯಾರನ್‌ಹೀಟ್. ನಾವು ಚಿಕ್ಕಂದಿನಿಂದ ನೋಡಿ ಬೆಳೆದ ಗಿಡಗಳಲ್ಲಿ ಬಹುಪಾಲು ನೀರು ಹೆಪ್ಪುಗಟ್ಟುವ ರಾತ್ರಿಯನ್ನು ಕಂಡವೇ ಅಲ್ಲ. 6ಬಿಯಲ್ಲಿದ್ದ ಮನೆ 7ಎಗೆ ಬಂದರೂ ಮಲ್ಲಿಗೆಗೆ, ನುಗ್ಗೆಗೆ, ವೀಳ್ಯದೆಲೆಯ ಬಳ್ಳಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ಲಾಭವಾಗುವುದು ಅಂಜೂರ, ದಾಳಿಂಬೆಯಂತಹ, ಸ್ವಲ್ಪ ಚಳಿಯನ್ನು ಸಹಜವಾಗಿಯೇ ತಾಳುವ ಗಿಡಗಳಿಗೆ. ದಾಸವಾಳ ಬೇಕೇಬೇಕೆನ್ನುವವರು, ಚಳಿಗೆ ಸಾಯುವ ನಮ್ಮ ಕೆಂಪು ದಾಸವಾಳದ ಬದಲು, ಐದನೆಯ ಝೋನ್‌ನಲ್ಲೂ ಬದುಕುವ ‘ರೋಸ್ ಆಫ್ ಶ್ಯಾರನ್’ ಎಂಬ ಅದರ ಬಂಧುವನ್ನು ನೆಡಬಹುದು. ಪೂಜೆಗೆ ಹೂವೂ ಸಿಗುತ್ತದೆ.

ನಿಮ್ಮ ಝಿಪ್ ಕೋಡ್ ಹಾಕಿ ಝೋನ್ ತಿಳಿದುಕೊಂಡ ಮೇಲೆ ಹಿತ್ತಲನ್ನೇ ಅಳೆಯಿರಿ. ಅತಿ ಕಡಿಮೆ ಮತ್ತು ಅತಿ ಹೆಚ್ಚು ತಾಪಮಾನವನ್ನು ನೆನಪಿಟ್ಟುಕೊಳ್ಳುವ ಅಗ್ಗದ ಥರ್ಮಾಮೀಟರ್‌ಗಳು ಸಿಗುತ್ತವೆ. ಒಂದನ್ನು ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಬಳಿ, ಇನ್ನೊಂದನ್ನು ಅಂಗಳದ ತಗ್ಗಿನಲ್ಲಿ ಇಟ್ಟು ಒಂದು ಚಳಿಗಾಲ ಪೂರ್ತಿ ಅಂಕಿಗಳನ್ನು ಬರೆದಿಡಿ. ಹಗಲಿನ ಬಿಸಿಲನ್ನು ಹೀರಿಕೊಂಡ ಇಟ್ಟಿಗೆ ಗೋಡೆ ರಾತ್ರಿಯಿಡೀ ಶಾಖ ಬಿಡುತ್ತದೆ. ತಣ್ಣನೆಯ ಗಾಳಿ ಭಾರವಾದ್ದರಿಂದ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ, ಬೇಲಿಯ ಹಿಂದೆ ನಿಲ್ಲುತ್ತದೆ. ಒಂದೇ ಹಿತ್ತಲಿನ ಈ ಎರಡು ಮೂಲೆಗಳ ನಡುವಿನ ವ್ಯತ್ಯಾಸ ಹೊಸ ನಕ್ಷೆ ತಂದ ಬದಲಾವಣೆಗಿಂತಲೂ ಹೆಚ್ಚಿರಬಹುದು. ಅಂಚಿನ ಗಿಡಗಳಿಗೆ ಗೋಡೆಯ ಬದಿಯನ್ನೇ ಕೊಡಿ.

ಅಂತಹ ಗಿಡಗಳನ್ನು ಶರತ್ಕಾಲದಲ್ಲಿ ನೆಡದೆ ವಸಂತದಲ್ಲಿ ನೆಟ್ಟರೆ, ಮೊದಲ ಚಳಿಗೆ ಮುನ್ನ ಬೇರೂರಲು ಇಡೀ ಬೇಸಿಗೆ ಸಿಗುತ್ತದೆ. ಬೇಸಿಗೆಯ ಕೊನೆಯಲ್ಲಿ ಸಾರಜನಕದ ಗೊಬ್ಬರವನ್ನು ನಿಲ್ಲಿಸಬೇಕು, ಏಕೆಂದರೆ ತಡವಾಗಿ ಬಂದ ಎಳೆಚಿಗುರೇ ಮೊದಲು ಕರಕಲಾಗುವುದು. ಬುಡಕ್ಕೆ ಮೂರು–ನಾಲ್ಕು ಇಂಚು ಎಲೆಗೊಬ್ಬರವನ್ನೋ ಮರದ ಚಕ್ಕೆಯನ್ನೋ ಹರಡಿ, ಆದರೆ ಕಾಂಡಕ್ಕೆ ತಾಗದಂತೆ ನೋಡಿಕೊಳ್ಳಿ. ತೀವ್ರ ಚಳಿಯ ಮುನ್ಸೂಚನೆ ಬಂದಾಗ ಹಿಂದಿನ ದಿನವೇ ನೀರುಣಿಸಿ, ಸಂಜೆಗೆ ಮುಂಚೆ ಬಟ್ಟೆ ಹೊದಿಸಬೇಕು. ನೆಲದ ಶಾಖವನ್ನು ಹಿಡಿದಿಡುವುದೇ ಉದ್ದೇಶವಾದ್ದರಿಂದ ಹೊದಿಕೆ ನೆಲಕ್ಕೆ ಮುಟ್ಟಿರಬೇಕು. ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗಿದ ಕಡೆಯೆಲ್ಲ ಎಲೆ ಸುಟ್ಟಂತಾಗುತ್ತದೆ. ಚಳಿಗೆ ಒಣಗಿದಂತೆ ಕಾಣುವ ಕೊಂಬೆಗಳನ್ನು ಕೂಡಲೇ ಕತ್ತರಿಸಬೇಡಿ. ವಸಂತದಲ್ಲಿ ಉಗುರಿನಿಂದ ತೊಗಟೆಯನ್ನು ಕೆರೆದು, ಒಳಗೆ ಹಸಿರು ಎಲ್ಲಿಯವರೆಗೆ ಇದೆಯೆಂದು ನೋಡಿ ಕತ್ತರಿಸಿದರೆ ಸಾಕು. ಇನ್ನು, ಹೊರಗೇ ಉಳಿಯುವ ಕುಂಡದ ಗಿಡದ ಬೇರುಗಳಿಗೆ ನೆಲದ ರಕ್ಷಣೆ ಇರುವುದಿಲ್ಲವಾದ್ದರಿಂದ, ನಿಮ್ಮ ಝೋನ್‌ಗಿಂತ ಎರಡು ಝೋನ್ ಹೆಚ್ಚು ಚಳಿ ತಾಳುವ ಗಿಡವನ್ನು ಆರಿಸುವುದು ರೂಢಿ.

ಕರಿಬೇವಿನ ವಿಷಯವನ್ನು ಬಿಡಿಸಿ ಹೇಳಬೇಕು. 9ಬಿ ಅಥವಾ ಅದಕ್ಕಿಂತ ಬೆಚ್ಚಗಿನ ಜಾಗವಿಲ್ಲದೆ ಅದನ್ನು ನೆಲಕ್ಕಿಳಿಸುವುದನ್ನು ನಾನು ಒಪ್ಪುವುದಿಲ್ಲ. ಉಳಿದವರು ಕುಂಡದಲ್ಲೇ ಬೆಳೆಸಿ, ರಾತ್ರಿಯ ತಾಪಮಾನ 50 ಡಿಗ್ರಿಯ ಕೆಳಗೆ ಇಳಿಯತೊಡಗಿದಾಗ ಒಳಗೆ ತರಬೇಕು. ತರುವ ಮುನ್ನ ಎಲೆಗಳ ಅಡಿಭಾಗವನ್ನು ನೀರಿನಿಂದ ಚೆನ್ನಾಗಿ ತೊಳೆದು, ಕಾಂಡಕ್ಕೆ ಅಂಟಿಕೊಂಡ ಶಲ್ಕ ಕೀಟಗಳಿದ್ದರೆ ಉಜ್ಜಿ ತೆಗೆಯಿರಿ. ಒಳಗೆ ಬಂದ ಮೇಲೆ ಎಲೆ ಹಳದಿಯಾಗಿ ಉದುರುವುದು ಸಹಜ. ಗಿಡ ವಿಶ್ರಾಂತಿಯಲ್ಲಿದೆ ಎಂದು ತಿಳಿದು ನೀರನ್ನು ಕಡಿಮೆ ಮಾಡಬೇಕೇ ಹೊರತು, ಗಾಬರಿಯಿಂದ ಹೆಚ್ಚು ಹಾಕಬಾರದು. ವಸಂತದಲ್ಲಿ ಹೊರಗಿಡುವಾಗ ಮೊದಲ ಒಂದು ವಾರ ನೆರಳಿನಲ್ಲಿಟ್ಟು, ಆಮೇಲೆ ದಿನದಿನಕ್ಕೆ ಬಿಸಿಲು ಹೆಚ್ಚಿಸಿ. ಇನ್ನೊಂದು ಮಾತು, ಇದು ಕಾನೂನಿನದು. ಕಿತ್ತಳೆ, ನಿಂಬೆ ತೋಟಗಳನ್ನು ನಾಶಮಾಡುವ ಸಿಟ್ರಸ್ ಗ್ರೀನಿಂಗ್ ರೋಗವನ್ನು ಹರಡುವ ಸಣ್ಣ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಆದ್ದರಿಂದಲೇ ಫ್ಲಾರಿಡಾ, ಟೆಕ್ಸಸ್, ಕ್ಯಾಲಿಫೋರ್ನಿಯಾಗಳಿಂದ ಈ ಗಿಡವನ್ನು ಹೊರಗೆ ಸಾಗಿಸಲು ನಿರ್ಬಂಧಗಳಿವೆ. ನೆಂಟರ ಮನೆಯಿಂದ ಕಾರಿನಲ್ಲಿ ಸಸಿ ತರುವ ಪ್ರೀತಿಯ ಅಭ್ಯಾಸವನ್ನು ಬಿಟ್ಟು, ಪರವಾನಗಿ ಪಡೆದ ನರ್ಸರಿಯಿಂದಲೇ ಕೊಳ್ಳಿ.

ಹಣ್ಣಿನ ಮರಗಳಲ್ಲಿ ಸಮಸ್ಯೆ ತಿರುವುಮುರುವು. ಸೇಬು, ಪೀಚ್, ಚೆರ್ರಿಗಳು ಹೂ ಬಿಡಲು ಚಳಿಗಾಲದಲ್ಲಿ 45 ಡಿಗ್ರಿಗಿಂತ ಕಡಿಮೆ ತಾಪಮಾನದ ನೂರಾರು ಗಂಟೆಗಳು ಬೇಕು. ಚಳಿ ಸಾಲದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಬೇಗ ಬೆಚ್ಚಗಾದರೆ ಅಕಾಲದಲ್ಲಿ ಅರಳಿದ ಹೂವು ಮಾರ್ಚ್‌ನ ಹಿಮಕ್ಕೆ ಸಿಕ್ಕುತ್ತದೆ. 24 ಡಿಗ್ರಿಯ ಒಂದು ಬೆಳಗು ಪೂರ್ತಿ ಅರಳಿದ ಪೀಚ್ ಹೂಗಳಲ್ಲಿ ಹತ್ತಕ್ಕೆ ಒಂಬತ್ತನ್ನು ಕೊಲ್ಲಬಲ್ಲದು. 2023ರಲ್ಲಿ ಜಾರ್ಜಿಯಾ ರಾಜ್ಯ ತನ್ನ ಪೀಚ್ ಬೆಳೆಯಲ್ಲಿ ಶೇ. 90ಕ್ಕೂ ಹೆಚ್ಚನ್ನು ಕಳೆದುಕೊಂಡದ್ದು ಚಳಿಯ ಕೊರತೆ, ಹೂವಿಗೆ ಬಿದ್ದ ಹಿಮ ಎರಡೂ ಒಟ್ಟಿಗೆ ಬಂದದ್ದರಿಂದ. ಆದ್ದರಿಂದ ಸಸಿ ಕೊಳ್ಳುವಾಗ ಝೋನ್ ಜೊತೆಗೆ ಅದಕ್ಕೆ ಎಷ್ಟು ಗಂಟೆ ಚಳಿ ಬೇಕೆಂದು ಕೇಳಿ, ನಿಮ್ಮ ಕೌಂಟಿಯಲ್ಲಿ ಕೃಷಿ ಸಲಹೆ ನೀಡುವ ಎಕ್ಸ್‌ಟೆನ್ಷನ್ ಕಚೇರಿಯವರು ಹೇಳುವ ಸ್ಥಳೀಯ ಅಂಕಿಯೊಡನೆ ಹೋಲಿಸಿ ನೋಡಿ.

ಬೆಂಡೆ, ಬದನೆ, ಹೀರೆ, ಸೋರೆಗಳಂತಹ ಒಂದೇ ಹಂಗಾಮಿನ ತರಕಾರಿಗಳಿಗೆ ಝೋನ್ ಸಂಬಂಧಿಸಿದ್ದೇ ಅಲ್ಲ. ಅವುಗಳಿಗೆ ಬೇಕಾದದ್ದು ವಸಂತದ ಕೊನೆಯ ಹಿಮ ಮತ್ತು ಶರತ್ಕಾಲದ ಮೊದಲ ಹಿಮ ಬೀಳುವ ದಿನಾಂಕಗಳು, ಮತ್ತು ನೆಲದ ಬಿಸಿ. ಮಣ್ಣು 65 ಡಿಗ್ರಿ ತಲುಪುವ ಮೊದಲು ಬೆಂಡೆ ಬಿತ್ತಿ ಫಲವಿಲ್ಲ. ಅವರೆಯದು ಇನ್ನೊಂದು ಬಗೆ. ನಮ್ಮ ಹಳೆಯ ಅವರೆ ತಳಿಗಳು ಹಗಲು ಕಿರಿದಾದಾಗಲೇ ಹೂ ಬಿಡುವುದರಿಂದ, ಉತ್ತರದ ರಾಜ್ಯಗಳಲ್ಲಿ ಬಳ್ಳಿ ಬೇಸಿಗೆಯೆಲ್ಲ ಹಬ್ಬಿ, ಕಾಯಿ ಕಟ್ಟುವ ಹೊತ್ತಿಗೆ ಹಿಮ ಬಂದುಬಿಡುತ್ತದೆ. ಚಳಿಗಾಲ ಎಷ್ಟೇ ಬೆಚ್ಚಗಾದರೂ ಹಗಲಿನ ಉದ್ದ ಬದಲಾಗುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಹೆಬ್ಬಾಳ ಅವರೆಯ ಎಚ್‌ಎ–3, ಎಚ್‌ಎ–4 ತಳಿಗಳು ಹಗಲಿನ ಉದ್ದವನ್ನು ಅವಲಂಬಿಸದೆ ಹೂ ಬಿಡುವುದರಿಂದ ಆ ಉತ್ತರದ ರಾಜ್ಯಗಳಿಗೆ ಅವೇ ಹೊಂದುತ್ತವೆ. ಆದರೆ ಊರಿನಿಂದ ಬೀಜ ತರುವ ಮುನ್ನ ಅಮೆರಿಕದ ಕೃಷಿ ಇಲಾಖೆಯ ಆಮದು ನಿಯಮಗಳನ್ನು ನೋಡಿಕೊಂಡು, ವಿಮಾನ ನಿಲ್ದಾಣದಲ್ಲಿ ಪೊಟ್ಟಣವನ್ನು ತಪ್ಪದೆ ಘೋಷಿಸಬೇಕು.