ಕಿಳ್ಳೇಕ್ಯಾತನನ್ನು ನಾನೇ ಮಾಡಿದೆ

ನಾನು ಡ್ರಾಯಿಂಗ್ ಮೇಷ್ಟ್ರು. ತೊಗಲು ಗೊಂಬೆ, ಅಂದರೆ ಪರದೆಯ ಹಿಂದೆ ಬೆಳಕಿಟ್ಟು ಆಡಿಸುವ ಚರ್ಮದ ಗೊಂಬೆ, ನಮ್ಮ ಮನೆತನದ ಕಸುಬಲ್ಲ. ಆಟ ನೋಡಿ ನೋಡಿ ಹುಚ್ಚು ಹಿಡಿಯಿತು, ಅಷ್ಟೇ.

ಮೊದಲು ಬೇಕಾಗುವುದು ಹದ ಮಾಡದ ತೊಗಲು. ಚಪ್ಪಲಿ, ಬ್ಯಾಗಿನ ಚರ್ಮ ಇಲ್ಲಿ ನಡೆಯುವುದಿಲ್ಲ, ಅದನ್ನು ಬೆಳಕು ದಾಟುವುದೇ ಇಲ್ಲ. ನಾನು ತಮಟೆ ಕಟ್ಟುವವರ ಹತ್ತಿರ ಮೇಕೆ ತೊಗಲು ತಂದೆ. ಕೂದಲು ಅವರೇ ಕೆರೆದು ಕೊಟ್ಟಿದ್ದರು, ನನಗೆ ಅರ್ಧ ಕೆಲಸ ತಪ್ಪಿತು. ನೀರಲ್ಲಿ ನೆನೆಸಿ, ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿ, ನೆರಳಲ್ಲಿ ಒಣಗಿಸಿದೆ. ಚೆನ್ನಾಗಿ ಒಣಗಿದ್ದನ್ನು ಬೆಳಕಿಗೆ ಹಿಡಿದರೆ ಹಿಂದೆ ಇಟ್ಟ ಬೆರಳು ಮಸುಕಾಗಿ ಕಾಣುತ್ತದೆ.

ಮೊದಲ ಗೊಂಬೆಗೇ ರಾಮ, ಸೀತೆ ಅಂತ ಹೋಗಲಿಲ್ಲ. ಕಿಳ್ಳೇಕ್ಯಾತನನ್ನು ಆರಿಸಿಕೊಂಡೆ. ಕಥೆ ಗಂಭೀರವಾಗಿ ನಡೆಯುತ್ತಿರುವಾಗ ನಡುವೆ ನುಗ್ಗಿ, ಊರ ಸುದ್ದಿಯೆಲ್ಲ ಮಾತಾಡಿ ನಗಿಸುವ ಆಸಾಮಿ. ಹೆಂಡತಿ ಬಂಗಾರಕ್ಕನ ಕೈಲಿ ಬೈಸಿಕೊಳ್ಳುವವನೂ ಇವನೇ. ಈ ಆಟ ಆಡಿಸುವ ಸಮುದಾಯಕ್ಕೂ ಇವನದೇ ಹೆಸರು.

ಇನ್ನು ತೂತು ಹೊಡೆಯುವ ಕೆಲಸ. ಗೊಂಬೆಯ ಜೀವ ಇರುವುದು ಬಣ್ಣದಲ್ಲಲ್ಲ, ಇಲ್ಲಿ. ಕೊರಳ ಸರ, ಸೊಂಟದ ಪಟ್ಟಿ, ಪಂಚೆಯ ಅಂಚು, ಎಲ್ಲವೂ ಪರದೆ ಮೇಲೆ ಚುಕ್ಕಿ ಚುಕ್ಕಿಯಾಗಿ ಹೊಳೆಯಬೇಕು. ಕೆಳಗೆ ಮರದ ದಿಮ್ಮಿ ಇಟ್ಟು, ಸಣ್ಣ ಉಳಿಯಿಂದ ಒಂದೊಂದೇ ಏಟು. ತೂತುಗಳು ತೀರಾ ಹತ್ತಿರ ಬಂದರೆ ತೊಗಲು ಹರಿಯುತ್ತದೆ. ದೂರವಾದರೆ ಸರ ಸರದ ಹಾಗೆ ಕಾಣುವುದಿಲ್ಲ. ಕಣ್ಣಿಗೆ ಜಾಸ್ತಿ ಹೊತ್ತು ಕೊಟ್ಟೆ. ಕಣ್ಣು ಕೆಟ್ಟರೆ ಗೊಂಬೆಯೇ ಕೆಟ್ಟ ಹಾಗೆ, ಅಲ್ವಾ?

ಬಣ್ಣಕ್ಕೆ ಪೋಸ್ಟರ್ ಕಲರ್ ಬೇಡವೇ ಬೇಡ. ಕೈಯಲ್ಲಿ ಹಿಡಿದಾಗ ಚೆಂದ, ಪರದೆಗೆ ಬಂದರೆ ಬರೀ ಕಪ್ಪು. ಬೆಳಕು ಬಿಡುವ ತೆಳು ಶಾಯಿಯಂಥ ಬಣ್ಣ ಬೇಕು, ಅದನ್ನು ಎರಡೂ ಬದಿಗೆ ಹಚ್ಚಬೇಕು. ಕೈಗಳನ್ನು ಬೇರೆಯಾಗಿ ಕತ್ತರಿಸಿ ದಾರದ ಗಂಟಿನಿಂದ ಜೋಡಿಸಿದೆ. ಬಿದಿರ ಕಡ್ಡಿಯನ್ನು ಮೇಲಿಂದ ಸೀಳಿ, ಗೊಂಬೆಯನ್ನು ಸೀಳಿನ ನಡುವೆ ಕೂರಿಸಿ ದಾರದಿಂದ ಹೊಲಿದೆ.

ಪರದೆಗೆ ಬಿಳಿ ಪಂಚೆ ಸಾಕು. ಬಲ್ಬು ನಮಗೂ ಪಂಚೆಗೂ ನಡುವೆ ಇರಬೇಕು, ಇಲ್ಲದಿದ್ದರೆ ನಮ್ಮ ನೆರಳೇ ಆಟಕ್ಕೆ ಇಳಿಯುತ್ತದೆ. ಗೊಂಬೆಯನ್ನು ಬಟ್ಟೆಗೆ ಒತ್ತಿ ಹಿಡಿದರೆ ಗೆರೆ ಸ್ಪಷ್ಟ, ಸ್ವಲ್ಪ ಹಿಂದಕ್ಕೆ ತಂದರೆ ಮಸುಕು. ಕ್ಯಾತ ಓಡಿ ಬರುವಾಗ ನಾನು ಈ ಮಸುಕನ್ನೇ ಬಳಸಿಕೊಂಡೆ. ಶಾಲೆಯ ಮಕ್ಕಳಿಗೆ ಅವನ ಬಾಯಲ್ಲಿ ಬಿಸಿಯೂಟದ ಸಾರಿನ ಸುದ್ದಿ ಹೇಳಿಸಿದೆ. ನಕ್ಕು ನಕ್ಕು ಸುಸ್ತಾದರು.

ಬಳ್ಳಾರಿಯ ಬೆಳಗಲ್ಲು ವೀರಣ್ಣ ಇಂಥದೇ ತೊಗಲು ಗೊಂಬೆಗಳಿಂದ ಗಾಂಧೀಜಿಯ ಕಥೆ ಹೇಳಿದವರು. ಕೊಪ್ಪಳ ಜಿಲ್ಲೆ ಮೊರನಾಳದ ಗೊಂಬೆಯಾಟದ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅಜ್ಜಿಗೆ 90 ದಾಟಿತ್ತು. ಖುಷಿಯ ಜೊತೆಗೆ, ಇಷ್ಟು ತಡವಾ ಅಂತ ಸಿಟ್ಟೂ ಬಂತು.

ಈಗ ಬಂಗಾರಕ್ಕನ ಸರದಿ. ತೊಗಲು ಒಣಗುತ್ತಿದೆ. ಕ್ಯಾತನನ್ನು ಎರಡು ರಟ್ಟಿನ ನಡುವೆ ಒತ್ತಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮಳೆಗಾಲದಲ್ಲಿ ಸುಮ್ನೆ ಹೊರಗೆ ಬಿಟ್ಟರೆ ತೊಗಲು ಸುರುಟಿಕೊಳ್ಳುತ್ತದೆ. ಇಲಿ ಕಾಟ ಬೇರೆ, ಅದಕ್ಕೆ ಡಬ್ಬಿ ತಗಡಿನದ್ದೇ ಇರಲಿ.